ನಡೆಯುವ ಮನೆಯ ಅಳತೆ

ನಮ್ಮೂರಿನಲ್ಲಿ ಒಂದು ಮನೆ ನಡೆಯುತ್ತದೆ. ಓಡುವುದಿಲ್ಲ, ಸದ್ದು ಮಾಡುವುದಿಲ್ಲ, ತಿಂಗಳಿಗೆ ಒಂದು ಗೇಣಿನಂತೆ ಪೂರ್ವಕ್ಕೆ ಸರಿಯುತ್ತಿರುತ್ತದೆ, ಅಷ್ಟೆ. ಹೊರಗಿನವರಿಗೆ ಹೇಳಿದರೆ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನಾವು ಅದಕ್ಕೆ ಹೊಂದಿಕೊಂಡು ಎಷ್ಟೋ ತಲೆಮಾರುಗಳಾಗಿವೆ. ದೊಡ್ಡಬೀದಿಯ ಒಂದು ಸಾಲಿನವರೆಲ್ಲ ಮನೆಯ ಮುಂದೆ ಅಗಲವಾದ ಅಂಗಳ ಬಿಟ್ಟು ಕಟ್ಟಿಕೊಂಡಿರುವುದೇ ಅದು ಹಾದುಹೋಗಲಿ ಎಂದು. ಮನೆ ಹತ್ತಿರ ಬಂದಾಗ ಕಾಂಪೌಂಡು ಬಿಚ್ಚಿಕೊಳ್ಳುತ್ತಾರೆ, ದಾಟಿದ ಮೇಲೆ ಮತ್ತೆ ಕಟ್ಟಿಕೊಳ್ಳುತ್ತಾರೆ. ಅಂಬಲಿಯಲ್ಲಿ ಸೌಟು ಎಳೆದ ಜಾಗ ಕೂಡಿಕೊಳ್ಳುವ ಹಾಗೆ ಅದರ ಹಿಂದಿನ ನೆಲ ತಾನೇ ಕೂಡಿಕೊಳ್ಳುತ್ತದೆ. ಒಂದು ಅಂಗಳ ದಾಟಲು ಸುಮಾರು ನಾಲ್ಕು ವರ್ಷ. ಹೆಣ್ಣು ನೋಡಲು ಬಂದವರು ಕೂಡ "ಮನೆ ನಿಮ್ಮೆದುರಿಗೆ ಬರೋದು ಯಾವಾಗ?" ಎಂದು ವಿಚಾರಿಸಿಕೊಂಡೇ ಚಪ್ಪರ ಎಲ್ಲಿ ಹಾಕುವುದೆಂದು ತೀರ್ಮಾನಿಸುತ್ತಾರೆ. ಲೈನ್‌ಮನ್ ಆ ಮನೆಯ ಕರೆಂಟ್ ತಂತಿಯನ್ನು ಸಡಿಲವಾಗಿ ಬಿಟ್ಟಿರುತ್ತಾನೆ. ಅಂಚೆಯವನು ಬಾಗಿಲ ನಂಬರು ನೋಡುವುದಿಲ್ಲ, ಈಗ ಅದು ಯಾರ ಎದುರಿಗಿದೆ ಎಂದು ಮಾತ್ರ ನೋಡುತ್ತಾನೆ.

ಆ ಮನೆಗೆ ಚೆಲುವಾಜಮ್ಮ ಸೊಸೆಯಾಗಿ ಬಂದು ಮೂವತ್ತನಾಲ್ಕು ವರ್ಷ. ಊರಿಗೆಲ್ಲ ಅವಳು ಚೆಲುವಕ್ಕ. ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಬಂದು, "ಓಹೋ, ಇಲ್ಲೀವರ್ಗೂ ಬಂದ್ಬಿಟ್ಯಾ?" ಎಂದು ಅದೇ ತಮಾಷೆ ಮಾಡುತ್ತಾನೆ, ಅವಳು ಪ್ರತಿ ಸಲವೂ ಹೊಸದಾಗಿ ಕೇಳಿದವಳಂತೆ ನಗುತ್ತಾಳೆ. ಕಿಟಕಿಯ ಪಕ್ಕ ಅವಳ ಹೊಲಿಗೆ ಮೆಷಿನ್ನು. ಊರಿನ ಅರ್ಧ ಹೆಂಗಸರ ರವಿಕೆ ಅವಳ ಕೈಯವೇ, ನನ್ನವೂ. ಕಂಕುಳಲ್ಲಿ ಹಿಡಿಯದ ಹಾಗೆ ರವಿಕೆ ಹೊಲಿಯುವವಳು ಅವಳೊಬ್ಬಳೇ.

ಆ ಮನೆಯ ಹೆಂಗಸರಿಗೆ ಒಂದು ಶಾಸ್ತ್ರವಿದೆ. ಮನೆ ಹೊಸ ಅಂಗಳಕ್ಕೆ ಕಾಲಿಡುವ ವಾರ, ತಟ್ಟೆಯಲ್ಲಿ ಅರಿಶಿನ ಕುಂಕುಮ, ಒಂದು ಅಚ್ಚು ಬೆಲ್ಲ ಇಟ್ಟುಕೊಂಡು ಆ ಅಂಗಳದವರ ಹೊಸಿಲಿಗೆ ಹೋಗಿ, "ನಮ್ಮನೆ ಬರ್ತಾ ಇದೆ, ಹೊಟ್ಟೆಗೆ ಹಾಕ್ಕೊಳ್ಳಿ" ಅನ್ನಬೇಕು. ಅತ್ತೆ ತಿರುಮಲಮ್ಮ ಅದನ್ನು ಚೆಲುವಕ್ಕನಿಗೆ ಕಲಿಸಿದ್ದು. ಒಂಬತ್ತು ಅಂಗಳಗಳಿಗೆ ಅವಳು ಹಾಗೆ ಹೋಗಿಬಂದಿದ್ದಾಳೆ. ಆದರೆ ಕ್ಷಮೆ ಕೇಳುವುದು ಆ ಒಂದು ವಾರಕ್ಕೆ ಮುಗಿಯಲಿಲ್ಲ, ಅದು ಅವಳ ಮೈಗೆ ಹತ್ತಿಬಿಟ್ಟಿತು. ನಲ್ಲಿಯ ಹತ್ತಿರ ಯಾರಾದರೂ ನುಗ್ಗಿದರೆ ತನ್ನ ಬಿಂದಿಗೆಯನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಕಾಂಪೌಂಡು ಬಿಚ್ಚಿಕೊಂಡವರ ಮನೆಯ ಬಟ್ಟೆಯನ್ನು ಕೇಳದೆಯೇ ಹೊಲಿದುಕೊಡುತ್ತಾಳೆ. ಅವಳು ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. "ಇನ್ನೊಬ್ರ ಅಂಗಳದಲ್ಲಿ ಇರೋರು ನಾವು, ನಾವೇನ್ ಕೇಳೋದು ಬಿಡು" ಅನ್ನುತ್ತಾಳೆ. ಅವಳ ಒಳ್ಳೆಯತನ ಎಂದು ನಾವು ಹೊಗಳುತ್ತಿದ್ದೆವು. ಹೊಗಳುವುದು ಸುಲಭ, ಅದರಿಂದ ನಮಗೆ ಅನುಕೂಲವೇ ಆಗುತ್ತಿತ್ತು.

ಇನ್ನು ನಾನು. ಹೆಸರು ವಿಮಲಾಕ್ಷಿ, ಊರಿನ ಸರ್ವೇಯರು. ಅಪ್ಪ ಸರಪಳಿ ಹಿಡಿದು ಅಳೆಯುತ್ತಿದ್ದರು, ಆ ಸರಪಳಿಯ ಇನ್ನೊಂದು ತುದಿ ಹಿಡಿದೇ ನಾನು ಕೆಲಸ ಕಲಿತದ್ದು. ಉಪಗ್ರಹಗಳಿಂದ ಜಾಗ ತಿಳಿಯುವ ಯಂತ್ರಗಳು ಬಂದಾಗ ನನಗೂ ಆಸೆಯಾಯಿತು. ಹೆಸರಾಂತ ಯಂತ್ರಗಳು ನನ್ನಂಥವರ ಕೈಗೆ ಎಟುಕುವುದಿಲ್ಲ. ಆದರೆ ಬೆಂಕಿಪೊಟ್ಟಣದಷ್ಟು ಗಾತ್ರದ ಅಗ್ಗದ ರಿಸೀವರುಗಳು ಅಂಚೆಯಲ್ಲಿ ಸಿಗುತ್ತವೆ ಎಂದು ಗೊತ್ತಾಗಿ ಎರಡು ತರಿಸಿದೆ. ಎರಡನ್ನೂ ಎರಡು ಸ್ಟೀಲಿನ ಊಟದ ಡಬ್ಬಿಯಲ್ಲಿ ಕೂರಿಸಿದೆ. ಆಂಟೆನಾದ ಕೆಳಗೆ ಲೋಹದ ತಟ್ಟೆಯೊಂದಿದ್ದರೆ ನೆಲಕ್ಕೆ ಬಡಿದು ತಿರುಗಿ ಬರುವ ಸಂಕೇತಗಳು ಒಳಗೆ ನುಸುಳುವುದಿಲ್ಲ ಎಂದು ಓದಿದ್ದೆ. ಅದಕ್ಕೆ ನಮ್ಮ ಇಡ್ಲಿ ಪಾತ್ರೆಯ ಮುಚ್ಚಳ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಸ್ಕೂಲ್ ಮೇಷ್ಟರಾದ ನಮ್ಮ ಯಜಮಾನರು ಆಮೇಲೆ ಎಷ್ಟೋ ದಿನ, "ಇವತ್ತೂ ಉಪ್ಪಿಟ್ಟೇನಾ? ಮುಚ್ಚಳ ಇನ್ನೂ ಆಕಾಶ ನೋಡ್ತಿದೆಯಾ?" ಎಂದು ಕೆಣಕುತ್ತಿದ್ದರು.

ಕೆಲಸ ಮಾಡುವ ರೀತಿ ಸರಳ. ಒಂದು ಡಬ್ಬಿ ಒಂದು ಕಡೆ ಕದಲದೆ ಕೂರಬೇಕು. ಇನ್ನೊಂದನ್ನು ಬಿದಿರು ಕೋಲಿನ ತುದಿಗೆ ಕಟ್ಟಿಕೊಂಡು ಎಲ್ಲಿ ಅಳೆಯಬೇಕೋ ಅಲ್ಲಿಗೆ ಹೋಗಬೇಕು. ಕೂತ ಡಬ್ಬಿಗೆ "ನೀನಿರುವುದು ಇಲ್ಲಿ" ಎಂದು ಮೊದಲೇ ಹೇಳಿಕೊಟ್ಟಿರಬೇಕು. ಅದು ನಂಬುತ್ತದೆ. ನಂಬಿ, ಆಕಾಶದಿಂದ ಬರುವ ಸಂಕೇತದಲ್ಲಿ ಎಷ್ಟು ತಪ್ಪಿದೆ ಎಂದು ಕ್ಷಣಕ್ಷಣಕ್ಕೂ ಓಡಾಡುವ ಡಬ್ಬಿಗೆ ಹೇಳುತ್ತಿರುತ್ತದೆ. ಆಗ ಓಡಾಡುವ ಡಬ್ಬಿ ತಾನೆಲ್ಲಿದ್ದೇನೆ ಎಂದು ಒಂದು ಬೆರಳಗಲದೊಳಗೆ ಹೇಳಬಲ್ಲದು. ಅಪ್ಪನ ಸರಪಳಿಗೆ ಇಡೀ ದಿನ ಹಿಡಿಯುತ್ತಿದ್ದ ಕೆಲಸ ನನಗೆ ಅರ್ಧ ಗಂಟೆಯದಾಯಿತು, ಅದರ ಜಂಬವೂ ನನಗೆ ಸ್ವಲ್ಪ ಬಂತು.

ತೊಂದರೆ ಶುರುವಾದದ್ದು ನೀರಿನ ಟ್ಯಾಂಕಿನಿಂದ. ದೊಡ್ಡಬೀದಿಯ ಪೂರ್ವದ ತುದಿಯಲ್ಲಿ, ನಾಲ್ಕು ಕಂಬದ ಮೇಲೆ, ಹೊರಗಿನಿಂದ ಬಂದ ಎಂಜಿನಿಯರ್ ಒಬ್ಬರು ಅದನ್ನು ಕಟ್ಟಿಸಿದ್ದರು. ಸ್ವಾಮಿ, ಇದು ಮನೆ ಬರುವ ದಾರಿ ಎಂದು ಹೇಳಿದೆವು. ಅವರು ನಕ್ಕು ಗುಂಡಿ ತೋಡಿಸಿದರು. ಮುನ್ನೂರು ಮನೆಗೆ ಆ ಟ್ಯಾಂಕಿನಿಂದಲೇ ನೀರು. ಈಗ ಚೆಲುವಕ್ಕನ ಮನೆ ಅದರ ಹತ್ತಿರ ಹತ್ತಿರ ಬಂದಿತ್ತು. ಕಾಂಪೌಂಡಾದರೆ ಬಿಚ್ಚಬಹುದು, ಟ್ಯಾಂಕನ್ನು ಬಿಚ್ಚುವುದು ಹೇಗೆ? ಪಂಚಾಯಿತಿ ಅಧ್ಯಕ್ಷ ಗುರುಶಾಂತಪ್ಪನವರು ಕೆಟ್ಟವರಲ್ಲ. ನಲ್ಲಿಯಲ್ಲಿ ನೀರು ಬರದಿದ್ದರೆ ಬೆಳಗಿನ ಕಾಫಿಯನ್ನೂ ಕುಡಿಯದೆ ಓಡಾಡುವ ಮನುಷ್ಯ. ನನ್ನನ್ನು ಕರೆಸಿ, "ನೋಡಮ್ಮಾ, ಎಷ್ಟು ದಿನ ಉಳಿದಿದೆ ಅಂತ ಸರಿಯಾಗಿ ಅಳೆದು ನಕ್ಷೆ ಬರ್ಕೊಡು. ಗೇಣಲ್ಲಿ, ಮೊಳದಲ್ಲಿ ಅಂದ್ರೆ ಜಿಲ್ಲಾ ಆಫೀಸ್ನೋರು ಒಪ್ಪಲ್ಲ" ಅಂದರು.

ಒಂದು ಡಬ್ಬಿಯನ್ನು ಪಂಚಾಯಿತಿ ಕಚೇರಿಯ ತಾರಸಿಯ ಮೇಲೆ ಸಿಮೆಂಟ್ ಹಾಕಿ ಕೂರಿಸಿದೆ. ಊರಿನಲ್ಲಿ ಅದಕ್ಕಿಂತ ಗಟ್ಟಿ ಕಟ್ಟಡ ಬೇರೆ ಇಲ್ಲ. ಎರಡು ತಿಂಗಳ ಕಾಲ ವಾರಕ್ಕೊಮ್ಮೆ ಕೋಲು ಹೊತ್ತುಕೊಂಡು ಚೆಲುವಕ್ಕನ ಮನೆಯ ನಾಲ್ಕು ಮೂಲೆಗಳನ್ನು ಅಳೆದೆ. ಅವಳು ಪ್ರತಿ ಸಲವೂ ಮಜ್ಜಿಗೆ ತಂದುಕೊಟ್ಟಳು. ಅಳತೆ ಬಂಗಾರದ ಹಾಗೆ ಬಂತು: ತಿಂಗಳಿಗೆ ಒಂಬತ್ತು ಅಂಗುಲ, ಪೂರ್ವಕ್ಕೆ, ತಪ್ಪದೆ. ಗೋಡೆಗೂ ಕಂಬಕ್ಕೂ ನಡುವೆ ಉಳಿದದ್ದು ಆರು ಅಡಿ. ಎಂಟು ತಿಂಗಳಲ್ಲಿ ಮುಟ್ಟುತ್ತದೆ ಎಂದು ಬರೆದು, ಬಣ್ಣದ ನಕ್ಷೆ ಮಾಡಿ, ಸಹಿ ಹಾಕಿ ಕೊಟ್ಟೆ. ನನ್ನ ಅಗ್ಗದ ಡಬ್ಬಿ ಇಷ್ಟು ಚೆನ್ನಾಗಿ ಅಳೆಯಿತಲ್ಲ ಎಂಬ ಖುಷಿಯಲ್ಲಿ, ಆ ನಕ್ಷೆಯಿಂದ ಏನಾಗುತ್ತದೆ ಎಂದು ಯೋಚಿಸಲೇ ಇಲ್ಲ. ಈಗಲೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಪಂಚಾಯಿತಿ ತೀರ್ಮಾನ ಮಾಡಿತು. ನಾಲ್ಕು ತಿಂಗಳೊಳಗೆ ಮನೆ ಖಾಲಿ ಮಾಡಬೇಕು, ಆಮೇಲೆ ಅದನ್ನು ಕೆಡವಬೇಕು. ಮನೆಯೇ ಇಲ್ಲದಿದ್ದರೆ ನಡೆಯುವುದೂ ನಿಲ್ಲುತ್ತದೆ. ಅವರಿಗೆ ಕೆರೆ ಏರಿಯ ಆಚೆ ಒಂದು ನಿವೇಶನ ಕೊಡುವುದು. ಚೆಲುವಕ್ಕ ಸಭೆಯಲ್ಲಿ ತಲೆ ತಗ್ಗಿಸಿಕೊಂಡು, "ಆಯ್ತು ಸ್ವಾಮಿ" ಅಂದಳಂತೆ. ಮಾರನೆಯ ದಿನ ನಮ್ಮ ಮನೆಗೆ ಬಂದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಬೆಲ್ಲದ ಅಚ್ಚು.

"ನನ್ನಿಂದ ನಿನಗೆ ಎರಡು ತಿಂಗಳು ಬಿಸಿಲಲ್ಲಿ ಅಲೆದಾಟ ಆಯ್ತು. ಹೊಟ್ಟೆಗೆ ಹಾಕ್ಕೋ ವಿಮ್ಲೂ" ಅಂದಳು.

"ಏನಕ್ಕಾ ಇದು, ನನಗ್ಯಾಕೆ?"

"ಇನ್ಮೇಲೆ ಯಾರಿಗೂ ಕೊಡೋದಿರಲ್ವಲ್ಲ. ಅತ್ತೆ ಕಾಲದ ತಟ್ಟೆ. ಕೊನೇದು ನಿನಗೇ ಇರ್ಲಿ ಅಂತ ತಂದೆ."

ಆ ಬೆಲ್ಲವನ್ನು ತಿನ್ನದೆ ಗೂಡಿನಲ್ಲಿಟ್ಟೆ. ಆದರೂ ನಾನೇನು ಮಾಡಬಲ್ಲೆ, ಇದ್ದದ್ದನ್ನು ಇದ್ದ ಹಾಗೆ ಅಳೆದೆ, ಎಂದು ನನಗೆ ನಾನೇ ಹೇಳಿಕೊಂಡೆ.

ವಾಸದ ಮನೆ ಕೆಡವಬೇಕಾದರೆ ನಕ್ಷೆಗೆ ಜಿಲ್ಲಾ ಕಚೇರಿಯ ಒಪ್ಪಿಗೆ ಬೇಕು. ದೂರದ ಜಿಲ್ಲಾ ಕೇಂದ್ರದಲ್ಲಿ ಅವರದೇ ಒಂದು ಖಾಯಂ ರಿಸೀವರು ಹಗಲಿರುಳು ಕೆಲಸ ಮಾಡುತ್ತಿರುತ್ತದೆ. ಯಾರೇ ಅಳೆದರೂ ಅವರ ಕೂತ ಡಬ್ಬಿಯ ಜಾಗವನ್ನು ಅದಕ್ಕೆ ಹೋಲಿಸಿ ನೋಡುವುದು ಪದ್ಧತಿ. ಅವರು ಕೇಳಿದಂತೆ, ಪಂಚಾಯಿತಿ ಕಚೇರಿಯ ತಾರಸಿಯ ಡಬ್ಬಿಯಲ್ಲಿ ಮೊದಲ ದಿನ ಮತ್ತು ಕೊನೆಯ ದಿನ ದಾಖಲಾಗಿದ್ದನ್ನೆಲ್ಲ ಕಳಿಸಿದೆ. ಹದಿನೈದು ದಿನಕ್ಕೆ ಉತ್ತರ ಬಂತು: "ನೀವು ಸ್ಥಿರವೆಂದು ತೋರಿಸಿದ ಬಿಂದುವು ಸ್ಥಿರವಾಗಿರುವುದಿಲ್ಲ. ಎರಡು ತಿಂಗಳ ಅವಧಿಯಲ್ಲಿ ಹದಿನೆಂಟು ಅಂಗುಲ ಪಶ್ಚಿಮಕ್ಕೆ ವ್ಯತ್ಯಾಸ ಕಂಡುಬಂದಿದೆ. ಉಪಕರಣ ಕಳಪೆ ಮಟ್ಟದ್ದೆಂದು ತೋರುತ್ತದೆ. ಯೋಗ್ಯ ಉಪಕರಣದಿಂದ ಮರು ಅಳತೆ ಮಾಡಿ ಸಲ್ಲಿಸುವುದು."

ಹದಿನೆಂಟು ಅಂಗುಲ ಎಂದರೆ ಎರಡು ಗೇಣು. ಎರಡು ತಿಂಗಳಿಗೆ ಎರಡು ಗೇಣು. ಅಲ್ಲೇ ನನಗೆ ಹೊಳೆಯಬೇಕಿತ್ತು. ಆದರೆ "ಕಳಪೆ" ಎಂಬ ಒಂದು ಮಾತಿಗೆ ನನ್ನ ತಲೆ ಕಾದು ಹೋಗಿತ್ತು. ಡಬ್ಬಿ ಬಿಚ್ಚಿ ನೋಡಿದೆ. ತಂತಿ ಬದಲಿಸಿದೆ. ಇಡ್ಲಿ ಮುಚ್ಚಳ ಸೊಟ್ಟಗಿದೆಯೇನೋ ಎಂದು ನೀರು ಹಾಕಿ ಮಟ್ಟ ನೋಡಿದೆ. ಎರಡು ಡಬ್ಬಿಗಳನ್ನು ಅಕ್ಕಪಕ್ಕ ಇಟ್ಟು ಒಂದನ್ನೊಂದಕ್ಕೆ ಹೋಲಿಸಿದೆ. ಎರಡೂ ಒಂದೇ ಮಾತು ಹೇಳಿದವು. ತಪ್ಪು ಡಬ್ಬಿಯದಲ್ಲ ಎಂದು ಸಾಬೀತು ಮಾಡಿಯೇ ತೀರುತ್ತೇನೆ ಎಂಬ ಹಟಕ್ಕೆ ಬಿದ್ದೆ. ಊರಿನಲ್ಲಿ ಎಂಟು ಜಾಗ ಗುರುತು ಹಾಕಿಕೊಂಡೆ: ಕಚೇರಿಯ ತಾರಸಿ, ಶಾಲೆ, ನಮ್ಮ ಮನೆ, ಟ್ಯಾಂಕಿನ ಮೇಲೆ, ಬಸ್ ನಿಲ್ದಾಣ, ಹಿಟ್ಟಿನ ಗಿರಣಿ, ಕೆರೆ ಏರಿ, ಕೊನೆಗೆ ಲೆಕ್ಕಕ್ಕಿರಲಿ ಎಂದು ಚೆಲುವಕ್ಕನ ತಾರಸಿ. ಒಂದೊಂದು ಜಾಗದಲ್ಲೂ ಆರಾರು ಗಂಟೆ ಡಬ್ಬಿಯನ್ನು ಕೂರಿಸಿದೆ, ತಿಂಗಳು ಬಿಟ್ಟು ಅದೇ ಗುರುತಿನ ಮೇಲೆ ಮತ್ತೆ ಆರಾರು ಗಂಟೆ. ಚೆಲುವಕ್ಕ, "ಪಾಪ, ಬಿಸಿಲಿಗೆ ಕಾದ್ಹೋಗಿದೆ" ಎಂದು ಅದರ ಮೇಲೆ ಒದ್ದೆ ಬಟ್ಟೆ ಹೊದಿಸಲು ಬಂದಳು. "ಬೇಡಕ್ಕಾ, ಅದಕ್ಕೆ ಆಕಾಶ ಕಾಣ್ತಿರಬೇಕು" ಅಂದೆ. ಅಷ್ಟರಲ್ಲಿ ಅವಳು ಪಾತ್ರೆಗಳನ್ನು ಚೀಲಕ್ಕೆ ತುಂಬಲು ಶುರು ಮಾಡಿದ್ದಳು.

ಎಲ್ಲವನ್ನೂ ಜಿಲ್ಲಾ ಕಚೇರಿಗೇ ಕಳಿಸಿ ಹೋಲಿಸಿಕೊಡಿ ಎಂದು ಕೇಳಿದೆ. ಫಲಿತಾಂಶದ ಹಾಳೆ ಬಂದಾಗ ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಪಂಚಾಯಿತಿ ಕಚೇರಿ, ಒಂಬತ್ತು ಅಂಗುಲ ಪಶ್ಚಿಮಕ್ಕೆ. ಶಾಲೆ, ಒಂಬತ್ತು ಅಂಗುಲ ಪಶ್ಚಿಮಕ್ಕೆ. ನಮ್ಮ ಮನೆ, ಟ್ಯಾಂಕು, ಗಿರಣಿ, ಎಲ್ಲವೂ ಒಂಬತ್ತು, ಎಲ್ಲವೂ ಪಶ್ಚಿಮಕ್ಕೆ. ಚೆಲುವಕ್ಕನ ತಾರಸಿಯ ಹೆಸರಿನ ಎದುರಿಗೆ ಮಾತ್ರ ಒಂದು ಉಗುರಿನಷ್ಟೂ ವ್ಯತ್ಯಾಸವಿರಲಿಲ್ಲ. ಡಬ್ಬಿ ಸುಳ್ಳು ಹೇಳುವುದಾದರೆ ಎಲ್ಲ ಕಡೆಯೂ ಹೇಳಬೇಕಿತ್ತು, ಒಂದು ಮನೆಗೆ ಮಾತ್ರ ನಿಜ ಯಾಕೆ ಹೇಳುತ್ತದೆ? ನಮ್ಮೂರಿನಿಂದ ಪೂರ್ವಕ್ಕೆ ಹೋಗುವ ರಸ್ತೆ ಪ್ರತಿ ವರ್ಷ ಬಿರಿಯುತ್ತದೆ, ಪಶ್ಚಿಮದ ರಸ್ತೆ ಪ್ರತಿ ವರ್ಷ ಗುಡ್ಡೆಯಾಗಿ ಏಳುತ್ತದೆ, ಎರಡಕ್ಕೂ ಕಂಟ್ರಾಕ್ಟರನನ್ನು ಬೈದುಕೊಂಡು ಇದ್ದೆವು. ಹೊರಗಿನವರ ನಕ್ಷೆಗಳಲ್ಲಿ ನಮ್ಮೂರನ್ನು ಬರೆಯುವುದು, ಇನ್ನೊಂದು ಸಲ ಬಂದವರು ತಪ್ಪಾಗಿದೆ ಎಂದು ಅಳಿಸುವುದು, ಕೊನೆಗೆ ಯಾರೂ ಬರೆಯದೆ ಬಿಟ್ಟದ್ದು, ಇದನ್ನೆಲ್ಲ ನಾವು ತಮಾಷೆಯಾಗಿ ಹೇಳಿಕೊಳ್ಳುತ್ತಿದ್ದೆವು. ಎಲ್ಲವೂ ಕಣ್ಣೆದುರಿಗೇ ಇತ್ತು. ಆದರೆ ನಾನು ಈ ಊರಿನಲ್ಲಿ ಹುಟ್ಟಿದವಳು. ನಡೆಯುವುದು ಚೆಲುವಕ್ಕನ ಮನೆ ಎಂದು ತೊಟ್ಟಿಲಲ್ಲಿದ್ದಾಗಿನಿಂದ ಗೊತ್ತಿದ್ದವಳು. ಹಾಗಾಗಿಯೇ ನಡೆಯುವ ಕಚೇರಿಯ ಮೇಲೆ ಡಬ್ಬಿ ಕೂರಿಸಿ ಅದಕ್ಕೆ "ನೀನು ನಿಂತಿದ್ದೀಯ" ಎಂದು ಹೇಳಿಕೊಟ್ಟೆ. ಅದು ನಂಬಿತು, ನಿಂತವಳನ್ನು ನಡೆಯುವವಳೆಂದು ಬರೆಯಿತು. ಕೆಳಗೆ ನಾನು ಸಹಿ ಹಾಕಿದೆ.

ಮೊದಲು ಹೇಳಬೇಕಾದದ್ದು ಅವಳಿಗೆ. ಹೋದಾಗ ಅವಳು ಮೆಷಿನ್ನಿನ ಮುಂದೆ ಕುಳಿತು, ಹೋಗುವ ಮುಂಚೆ ಒಪ್ಪಿಕೊಂಡ ಬಟ್ಟೆಗಳನ್ನೆಲ್ಲ ಮುಗಿಸುತ್ತಿದ್ದಳು.

"ಅಕ್ಕಾ, ನಿನ್ನ ಮನೆ ನಡೀತಾ ಇಲ್ಲ."

ಅವಳು ಗಾಬರಿಯಾದಳು. "ನಿಂತ್ಹೋಯ್ತಾ? ಯಾವಾಗಿಂದ? ಅಯ್ಯೋ, ಏನಾದ್ರೂ ಆಗಿದೆಯೇನೋ ನೋಡೇ."

"ನಿಂತ್ಹೋಗಿದ್ದಲ್ಲ. ಯಾವತ್ತೂ ನಡೆದೇ ಇಲ್ಲ. ನಡೀತಿರೋದು ನಾವು. ಊರು. ನಮ್ಮನೆ, ಆಫೀಸು, ಟ್ಯಾಂಕು, ಎಲ್ಲ ನಿನ್ನನ್ನ ಹಾದು ಪಶ್ಚಿಮಕ್ಕೆ ಹೋಗ್ತಿದೆ. ನಿಂತಿರೋಳು ನೀನೊಬ್ಬಳೇ. ನಾನು ತಪ್ಪು ಜಾಗದಲ್ಲಿ ನಿಂತ್ಕೊಂಡು ಅಳೆದುಬಿಟ್ಟೆ."

ಅವಳು ಮೊದಲು ನಕ್ಕಳು. ಗಂಡ ತಮಾಷೆ ಮಾಡಿದಾಗ ನಗುವ ಹಾಗೆಯೇ. ಆಮೇಲೆ ಇನ್ನೊಂದು ಸಲ ಹೇಳು ಅಂದಳು. ಮೂರನೆಯ ಸಲವೂ ಹೇಳಿಸಿದಳು. ಸೂಜಿಯ ಕೆಳಗಿನ ಬಟ್ಟೆಯನ್ನು ಮೆಲ್ಲಗೆ ಎಳೆದು ತೆಗೆದು ಮಡಿಚಿಟ್ಟಳು.

"ನಮ್ಮತ್ತೆ ಸಾಯೋ ಹಿಂದಿನ ವಾರ ಎದ್ದು ಕೂರೋಕೂ ಆಗ್ತಿರ್ಲಿಲ್ಲ" ಅಂದಳು. "ಮನೆ ಆಗ ಗಾಣಿಗರ ಅಂಗಳಕ್ಕೆ ಹೋಗೋದಿತ್ತು. ನಾನು ಹೋಗ್ಬರ್ತೀನಿ ಅಂದ್ರೂ ಕೇಳ್ಲಿಲ್ಲ. ನನ್ನ ಹೆಗಲ ಮೇಲೆ ಕೈ ಹಾಕ್ಕೊಂಡು ಹೋಗಿ, ಬೆಲ್ಲ ಕೊಟ್ಟು ಬಂದ್ರು. ಅವರ ಸೊಸೆ, ಚಿಕ್ಕ ಹುಡುಗಿ, ಪಾರಿಜಾತದ ಗಿಡ ಹೋಗುತ್ತಲ್ಲ ಅಂತ ಮುಖ ಊದಿಸ್ಕೊಂಡಿದ್ಲು. ವಾಪಸ್ ಬರೋವಾಗ ದಾರೀಲೆಲ್ಲ ಅಳ್ತಾ ಬಂದ್ರು. ಸಾಯೋ ಹೊತ್ನಲ್ಲೂ ಇನ್ನೊಬ್ರಿಗೆ ತೊಂದ್ರೆ ಕೊಟ್ನಲ್ಲ ಅಂತ." ಮಡಿಚಿಟ್ಟ ಬಟ್ಟೆಯ ಮೇಲೆ ಕೈಯಾಡಿಸುತ್ತ ಕೇಳಿದಳು, "ಈಗ ಅವರಿಗೆ ಯಾರ್ ಹೇಳ್ತಾರೆ ವಿಮ್ಲೂ?"

ನಾನು ಅತ್ತುಬಿಟ್ಟೆ. ಅವಳು ಲೈನಿಂಗ್ ಬಟ್ಟೆಯ ತುಂಡೊಂದನ್ನು ತೆಗೆದುಕೊಂಡು ನನ್ನ ಕಣ್ಣೊರೆಸಿದಳು. ತಾನು ಅಳಲಿಲ್ಲ. ಅವಳ ಮುಖದಲ್ಲಿ ನಾನು ಹಿಂದೆಂದೂ ನೋಡಿರದ ಏನೋ ಇತ್ತು, ಅದು ಕೋಪವೆಂದು ನನಗೆ ಆಗ ತಿಳಿಯಲಿಲ್ಲ.

ಕಚೇರಿಯ ಮುಂದಿನ ಬಯಲಿನಲ್ಲಿ ಸಭೆ ಸೇರಿತು. ಸುದ್ದಿ ಮೊದಲೇ ಹಬ್ಬಿದ್ದರಿಂದ ಊರಿಗೆ ಊರೇ ಬಂದಿತ್ತು. ನಾನು ಅಂಕಿಗಳ ಹಾಳೆ ಓದಿದೆ, ಯಾರಿಗೂ ಹತ್ತಲಿಲ್ಲ. ಮನೆಯಿಂದ ತಂದಿದ್ದ ಮೊರದಲ್ಲಿ ರಾಗಿ ಹರಡಿ, ನಡುವೆ ಒನಕೆಯ ತುದಿ ಊರಿ, ನಮ್ಮ ಯಜಮಾನರಿಗೆ ಅದನ್ನು ಅಲ್ಲಾಡದಂತೆ ಹಿಡಿದುಕೊಳ್ಳಲು ಹೇಳಿದೆ. ಮೊರವನ್ನು ಮೆಲ್ಲಗೆ ಎಳೆದೆ. ರಾಗಿಯಲ್ಲಿ ದಾರಿ ಬಿಡಿಸಿಕೊಂಡು ಒನಕೆ ಹೋದಂತೆ ಕಂಡಿತು, ಹಿಂದೆ ರಾಗಿ ಕೂಡಿಕೊಂಡಿತು.

"ಈ ರಾಗಿ ಕಾಳನ್ನ ಕೇಳಿದ್ರೆ ಏನನ್ನುತ್ತೆ?" ಎಂದೆ.

"ಒನಕೆ ನಡೀತಿದೆ ಅನ್ನುತ್ತೆ" ಎಂದು ಗಿರಣಿಯ ಮಲ್ಲಾಜಮ್ಮ ಕೂಗಿದಳು. ಕೂಗಿದವಳೇ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಬಯಲಿನಲ್ಲಿ ಗದ್ದಲ ಎದ್ದಿತು. ಊರು ಎಲ್ಲಿಗೆ ಹೋಗುತ್ತಿದೆ ಎಂದು ಒಬ್ಬರು, ನನಗೆ ಆಗಾಗ ತಲೆ ಸುತ್ತುವುದು ಇದಕ್ಕೇ ಎಂದು ಇನ್ನೊಬ್ಬರು. ಅಗ್ಗದ ಡಬ್ಬಿಯ ಮಾತು ಕಟ್ಟಿಕೊಂಡು ಊರನ್ನೇ ಅಲುಗಾಡಿಸುತ್ತಾಳಲ್ಲ ಎಂದವರೂ ಇದ್ದರು. ಗುರುಶಾಂತಪ್ಪನವರು ಕೈ ಎತ್ತಿದರು. ಅವರಿಗೆ ರಾತ್ರಿಯೆಲ್ಲ ನಿದ್ದೆ ಇದ್ದಂತಿರಲಿಲ್ಲ.

"ನಡೆಯೋರು ನಾವೇ ಅಂತಾನೇ ಇಟ್ಕೊಳ್ಳೋಣ" ಅಂದರು. "ಅದರಿಂದ ಟ್ಯಾಂಕು ಉಳಿಯಲ್ವಲ್ಲಮ್ಮ. ಮನೆ ಬಂದು ಗುದ್ದೋ ಬದ್ಲು ಟ್ಯಾಂಕು ಹೋಗಿ ಗುದ್ದುತ್ತೆ. ಮುನ್ನೂರು ಮನೆ ನೀರು. ಒಂದು ಮನೆ ತೆಗೆದ್ರೆ ಆ ನೆಲಾನೂ ನಮ್ಮ ಜೊತೆ ಬಂದ್ರೂ ಬಂದೀತು, ಅಲ್ವಾ?"

"ಬರಬಹುದು. ಬರದೇನೂ ಇರಬಹುದು. ನನಗೆ ಗೊತ್ತಿಲ್ಲ" ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. "ಆದ್ರೆ ಸ್ವಾಮಿ, ಆ ಮನೆ ತಪ್ಪು ಮಾಡ್ತಿದೆ ಅಂತ ನನ್ನ ನಕ್ಷೆ ಹೇಳ್ತು, ಅದಕ್ಕೆ ನೀವು ತೆಗೀತೀವಿ ಅಂದ್ರಿ. ಆ ನಕ್ಷೆ ತಪ್ಪು. ನನ್ನ ಸಹಿ ನಾನು ವಾಪಸ್ ತಗೊಂಡಿದ್ದೀನಿ. ಈಗ ತೆಗೀಬೇಕಾದ್ರೆ ಅವಳನ್ನ ಕೇಳಬೇಕು."

ಅದು ನ್ಯಾಯ ಎಂದು ಹಿರಿಯರು ತಲೆಯಾಡಿಸಿದರು. ಅಷ್ಟು ಬೇಗ ಒಪ್ಪಿದ್ದು ಯಾಕೆಂದು ನನಗೆ ಗೊತ್ತಿತ್ತು. ಚೆಲುವಕ್ಕನನ್ನು ಕೇಳುವುದೆಂದರೆ ಉತ್ತರ ಜೇಬಿನಲ್ಲಿಟ್ಟುಕೊಂಡೇ ಕೇಳಿದ ಹಾಗೆ. ಮನೆ ಉಳಿಯುವುದು ಇನ್ನು ಅವಳೊಬ್ಬಳ ಬಾಯಲ್ಲಿತ್ತು, ಆ ಬಾಯಿಗೋ ಇಲ್ಲ ಅನ್ನುವ ಅಭ್ಯಾಸವೇ ಇರಲಿಲ್ಲ. ಅವಳು ಎಲ್ಲರಿಗಿಂತ ಹಿಂದೆ, ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದು ನಿಂತಿದ್ದಳು. ಗುರುಶಾಂತಪ್ಪನವರು ಎದ್ದು ನಿಂತು ಆ ಕಡೆ ತಿರುಗಿದರು.

"ಚೆಲುವಾಜಮ್ಮ, ಊರಿಗೋಸ್ಕರ ಮನೆ ಬಿಟ್ಟುಕೊಡ್ತೀಯೇನಮ್ಮ?"

ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಕೇಳ್ತಾ ಇದ್ದೀರೋ, ಹೇಳ್ತಾ ಇದ್ದೀರೋ ಸ್ವಾಮಿ?"

"ಕೇಳ್ತಾ ಇದ್ದೀನಮ್ಮ."

"ಕೇಳೋದಾದ್ರೆ..." ಅಂದಳು. ಆಮೇಲಿನ ಮಾತು ಮುಂದಿದ್ದ ನಮಗೆ ಕೇಳಿಸಲಿಲ್ಲ. ಅವಳ ಪಕ್ಕದಲ್ಲಿದ್ದ ಹೆಂಗಸು ಬೆರಗಾಗಿ ಮುಂದಿನವರಿಗೆ ಹೇಳಿದಳು, "ಕೊಡಲ್ವಂತೆ." ಅವರು ಅದನ್ನು ಇನ್ನೂ ಮುಂದಿನವರಿಗೆ ದಾಟಿಸಿದರು. "ಏನಂತೆ?" "ಕೊಡಲ್ವಂತೆ." "ಚೆಲುವಕ್ಕನಾ?" "ಹೂಂ, ಕೊಡಲ್ವಂತೆ." ಬಾಯಿಂದ ಬಾಯಿಗೆ ಹೊರಳುತ್ತ ಆ ಮಾತು ಕೊನೆಗೆ ಗುರುಶಾಂತಪ್ಪನವರನ್ನು ತಲುಪಿತು. ಅವರು ಮತ್ತೆ ಕುರ್ಚಿಯಲ್ಲಿ ಕುಳಿತರು.

"ಸರಿ ಮತ್ತೆ" ಅಂದರು. "ಕೇಳಿದ ಮೇಲೆ ಕೇಳ್ಬೇಕಲ್ಲ. ಟ್ಯಾಂಕನ್ನೇ ಬೇರೆ ಕಡೆ ಕಟ್ಟೋಣ. ವಿಮಲಮ್ಮ, ಆ ಮನೆಗೆ ಯಾವತ್ತೂ ಅಡ್ಡ ಬರದ ಜಾಗ ಎಲ್ಲಿದೆ ಅಂತ ಅಳೆದು ಹೇಳು. ಈ ಸಲ ಸರಿಯಾಗಿ."

ಗೊಣಗಿದವರು ಗೊಣಗಿದರು. ಆದರೆ ಯಾರೂ ಎದ್ದು ಬೇಡ ಅನ್ನಲಿಲ್ಲ. ಕೆಲಸ ಬೇಗ ಶುರುವಾಯಿತು, ಉಳಿದಿದ್ದ ದಿನಗಳೇ ಕಡಿಮೆ. ಕಚೇರಿಯ ತಾರಸಿಯ ಸಿಮೆಂಟ್ ಒಡೆದು ಡಬ್ಬಿಯನ್ನು ಚೆಲುವಕ್ಕನ ತಾರಸಿಗೆ ತಂದೆ, ಅಲ್ಲಿಂದಲೇ ಅಳೆದು ಬೀದಿಯ ಎದುರು ಸಾಲಿನ ಹಿಂದೆ ಹೊಸ ಟ್ಯಾಂಕಿಗೆ ಜಾಗ ಗುರುತು ಮಾಡಿಕೊಟ್ಟೆ. ಅವಳು ಚೀಲಕ್ಕೆ ತುಂಬಿದ್ದ ಪಾತ್ರೆಗಳನ್ನು ಒಂದೊಂದಾಗಿ ತೊಳೆದು ಗೂಡಿನಲ್ಲಿ ಜೋಡಿಸಿಕೊಂಡಳು. ಮಾತು ಮಾತ್ರ ಇನ್ನೂ ಕಡಿಮೆಯಾಗಿತ್ತು. ಇಡೀ ಊರಿಗೆ ಇಲ್ಲ ಅಂದುಬಿಟ್ಟೆನಲ್ಲ ಎಂದು ಒಳಗೇ ಕೊರಗುತ್ತಿದ್ದಾಳೇನೋ ಎಂದು ನನಗೆ ಭಯವಾಗುತ್ತಿತ್ತು.

ಒಂದು ಬೆಳಿಗ್ಗೆ ಅವಳ ತಾರಸಿಯ ಮೇಲೆ ಡಬ್ಬಿಯ ಬ್ಯಾಟರಿ ಬದಲಿಸುತ್ತಿದ್ದೆ. ಕೆಳಗೆ ಟ್ಯಾಂಕಿನ ಕೆಲಸಕ್ಕೆ ಬಂದ ಲಾರಿಯಿಂದ ಕಬ್ಬಿಣದ ಸರಳುಗಳನ್ನು ಇಳಿಸಿ ಅವಳ ಗೋಡೆಗೆ ಒರಗಿಸುವ ಸದ್ದು ಕೇಳುತ್ತಿತ್ತು. ಅದರ ನಡುವೆ ಒಂದು ಹೆಂಗಸಿನ ದನಿ ಎದ್ದಿತು. ಅಷ್ಟು ಜೋರಾದ ದನಿ ಯಾರದೆಂದು ನನಗೆ ಗುರುತು ಸಿಗಲಿಲ್ಲ.

"ಯಾರಯ್ಯಾ ಅದು, ಸರಳು ಇಲ್ಲಿ ಒರಗಿಸ್ತಿರೋದು? ತೆಗೀರಿ!"

"ಸ್ವಲ್ಪ ಹೊತ್ತು ಇರ್ಲಿ ಬಿಡಕ್ಕಾ" ಅಂದ ಮೇಸ್ತ್ರಿ ಜವರಪ್ಪ, ಕೆಲಸ ನಿಲ್ಲಿಸದೆ. "ಇದೇನ್ ನಿನ್ ಜಾಗಾನಾ?"

"ಹೌದು ಕಣಯ್ಯ, ನನ್ನ ಜಾಗಾನೇ! ನನ್ನ ಜಾಗ, ನಮ್ಮತ್ತೆ ಜಾಗ, ಅವರತ್ತೆ ಜಾಗ! ನಿನ್ ಹಂಗೆ ಊರಿನ್ ಜೊತೆ ಅಲೆಯೋಳಲ್ಲ ನಾನು. ಗೋಡೆ ಸುಣ್ಣ ಎಲ್ಲಾ ಕೆತ್ತಿ ಹಾಕಿದ್ದೀಯಲ್ಲ, ಕಣ್ ಕಾಣಲ್ವಾ? ತೆಗಿ ಅಂದ್ರೆ ತೆಗಿ!"

ನಾನು ಓಡಿ ಬಂದು ಬಗ್ಗಿ ನೋಡಿದೆ. ಚೆಲುವಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕತ್ತರಿ ಹಿಡಿದ ಕೈಯನ್ನೇ ಬೀಸುತ್ತ ನಿಂತಿದ್ದಳು. ಅವಳ ದನಿ ನಡುಗುತ್ತಿತ್ತು, ಆದರೂ ತಗ್ಗಲಿಲ್ಲ. ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಅವಳ ಮನೆಗಾಗಿ ಕಾಂಪೌಂಡು ಬಿಚ್ಚಿಕೊಂಡವರು, ಬೆಲ್ಲ ತಿಂದವರು, ಎಲ್ಲರೂ ಹೊರಗೆ ಬಂದು ತಂತಮ್ಮ ಅಂಗಳದ ತುದಿಯಲ್ಲಿ ನಿಂತರು. ಜವರಪ್ಪ ಅವಳ ಮುಖವನ್ನೊಮ್ಮೆ, ನೆರೆದವರನ್ನೊಮ್ಮೆ ನೋಡಿ, "ತೆಗೀರ್ರೋ" ಅಂದ. ಆಳುಗಳು ಸರಳುಗಳನ್ನು ಎತ್ತಿ ಆಚೆ ಒಯ್ದರು. ನನಗೆ ನಗುವೋ ಅಳುವೋ ತಿಳಿಯದೆ ಎರಡೂ ಒಟ್ಟಿಗೆ ಬಂದವು. ಕೊನೆಯ ಸರಳೂ ಹೋದ ಮೇಲೂ ಚೆಲುವಕ್ಕ ಬೈಯುವುದನ್ನು ನಿಲ್ಲಿಸಲಿಲ್ಲ. ನಾವು ಯಾರೂ ಸಾಕು ಅನ್ನಲಿಲ್ಲ, ನಿಂತು ಕೇಳಿಸಿಕೊಂಡೆವು.